ಪ್ರತಿ ಹೋಗುವ ವಿಳಾಸ

ನಮ್ಮ ಮನೆಯಲ್ಲಿ ಯಾರಿಗೂ ಹೆಸರಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರನ್ನು ಗೇಟಿನ ಹೊರಗೇ ಬಿಟ್ಟು ಬರಬೇಕು, ಒಳಗೆ ಬಂದ ಮೇಲೆ ಒಂದು ಅಡ್ಡಹೆಸರು ಇಟ್ಟುಕೊಳ್ಳಬೇಕು. ಗಂಡನ ಹೊಡೆತ ತಾಳಲಾರದೆ, ಮಕ್ಕಳ ಕೈ ಹಿಡಿದುಕೊಂಡು ಉಟ್ಟ ಬಟ್ಟೆಯಲ್ಲೇ ಹೊರಟುಬಂದ ಹೆಂಗಸರು ಇರುವ ಮನೆ ಇದು. ಹೊರಗೆ ಬೋರ್ಡಿಲ್ಲ. ಬೀದಿಯವರು ಇದನ್ನು ಹೊಲಿಗೆ ಕಲಿಸುವ ಹಾಸ್ಟೆಲ್ ಅಂದುಕೊಂಡಿದ್ದಾರೆ, ನಾವೂ ಅಲ್ಲ ಅಂದಿಲ್ಲ. ನಾನು ಇಲ್ಲಿಯ ಮೇಲ್ವಿಚಾರಕಿ, ಎಲ್ಲರಿಗೂ ದೊಡ್ಡಮ್ಮ. ಬಾಯಿ ದೊಡ್ಡದು, ಅದಕ್ಕೇ ಆ ಹೆಸರು ಅನ್ನುವವರೂ ಇದ್ದಾರೆ. ಅನ್ನಲಿ, ಸುಳ್ಳೇನಲ್ಲ.

ಕತ್ತರಿ ಬಂದದ್ದು ಶಾಲೆ ಶುರುವಾಗುವುದಕ್ಕೆ ಸ್ವಲ್ಪ ಮೊದಲು. ಬಂದ ವಾರದಲ್ಲೇ ಮನೆಮಂದಿಯ ಕೂದಲನ್ನೆಲ್ಲ ಕತ್ತರಿಸಿ ಒಂದು ಅಂದಕ್ಕೆ ತಂದಳು, ಹೆಸರು ಅಂಟಿತು. ಮೆತ್ತಗಿನ ಹೆಂಗಸು. ಗಂಡನ ಮಾತು ಬಂದರೆ ಈಗಲೂ ‘ಅವರು’ ಅನ್ನುತ್ತಾಳೆ. ಕೈ ಮುರಿದವನಿಗೆ ಬಹುವಚನ ಬೇರೆ ಕೇಡು ಎಂದು ನಾನು ಎಷ್ಟು ರೇಗಿದರೂ ಅವಳ ನಾಲಿಗೆ ತಿದ್ದಲಾಗಲಿಲ್ಲ. ಜೊತೆಗೆ ಮಗಳು ಮುಂಗುಸಿ. ಬಂದಾಗ ಆ ಮಗು ಮಂಚದ ಕೆಳಗೆ ಮಲಗುತ್ತಿತ್ತು. ಯಾವ ಹೆಸರಿಟ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲ, ತಾಯಿ ‘ಮುಂಗುಸಿ’ ಅಂದರೆ ಮಾತ್ರ ಈಚೆ ಬರುತ್ತಿತ್ತು. ಹುಟ್ಟುಹೆಸರಲ್ಲವಲ್ಲ, ಇರಲಿ ಬಿಡು ಎಂದು ನಾವು ಅದನ್ನೇ ಉಳಿಸಿಕೊಂಡೆವು. ಈಗ ಅದು ಶಾಲೆಗೆ ಹೋಗುತ್ತದೆ, ಜಗಳ ಕಾಯುತ್ತದೆ, ನನಗೇ ಎದುರುತ್ತರ ಕೊಡುತ್ತದೆ. ಇಂಥ ಎದುರುತ್ತರ ಕೇಳಿದಾಗಲೇ ನನಗೆ ನನ್ನ ಕೆಲಸ ಸಾರ್ಥಕ ಅನ್ನಿಸುವುದು.

ಕತ್ತರಿಗೆ ಬೇಕಾಗಿದ್ದದ್ದು ಒಂದೇ, ತಾನೆಲ್ಲಿದ್ದೇನೆಂದು ಗಂಡನಿಗೆ ತಿಳಿಯಬಾರದು. ಹಿಂದೊಮ್ಮೆ ಅಕ್ಕನ ಮನೆಗೆ ಓಡಿಹೋಗಿದ್ದಾಗ ಆತ ಪತ್ತೆ ಹಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಕೈ ಮುರಿದದ್ದು ಆ ಸಲ. ಇಲ್ಲಿಗೆ ಬಂದ ಹೊಸದರಲ್ಲಿ ಆತ ಅವಳ ತಾಯಿಗೆ ದಿನಾ ಫೋನ್ ಮಾಡಿ, ಎಲ್ಲಿ ಬಚ್ಚಿಟ್ಟಿದ್ದೀರಿ ಹೇಳಿ ಎಂದು ಪ್ರಾಣ ಹಿಂಡುತ್ತಿದ್ದನಂತೆ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಫೋನ್ ಬರುವುದು ನಿಂತಿತು. ಅಂತೂ ಪೀಡೆ ತೊಲಗಿತು ಎಂದು ನಾವು ಆ ಸಂಜೆ ಸಿಹಿ ಮಾಡಿಕೊಂಡು ತಿಂದೆವು. ಕತ್ತರಿ ಮೊದಲ ಸಲ ಜೋರಾಗಿ ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ.

ಇನ್ನು ಪೆಟ್ಟಿಗೆಯ ವಿಷಯ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಹಸಿರು ದೀಪ ಮಿಟುಕಿಸುತ್ತಾ ಕೂತಿರುವ ಅದಕ್ಕೆ ಫೈರ್‌ವಾಲ್ ಅನ್ನುತ್ತಾರೆ. ನನಗೆ ಅರ್ಥವಾದ ಮಟ್ಟಿಗೆ ಅದು ಇಂಟರ್‌ನೆಟ್ಟಿನ ಬಾಗಿಲಲ್ಲಿ ಕೂತ ಕಾವಲುಗಾರ. ಯಾವ ಫೋನು ನಮ್ಮದು, ಯಾವ ಆಪ್ ನಾವಿರುವ ಜಾಗವನ್ನು ಹೊರಗೆ ಹೇಳದ ಹಾಗೆ ಬಾಯಿ ಮುಚ್ಚಿಸಬೇಕು ಎಂಬ ಕಟ್ಟಳೆಗಳೆಲ್ಲ ಅದರೊಳಗೆ ಒಂದು ಫೈಲಿನಲ್ಲಿರುತ್ತವೆ. ಆ ಫೈಲು ಇಲ್ಲದಿದ್ದರೆ ಪೆಟ್ಟಿಗೆ ಬರೀ ತಗಡು. ಒಂದು ದೊಡ್ಡ ಕಂಪನಿ ತನಗೆ ಹಳತಾದ ಇಂಥ ಪೆಟ್ಟಿಗೆಗಳನ್ನು ಸಂಘ ಸಂಸ್ಥೆಗಳಿಗೆ ಅಂತ ದಾನ ಕೊಟ್ಟಿತ್ತು, ನಮ್ಮ ಸಮಿತಿಯ ಮೂಲಕ ಒಂದು ಇಲ್ಲಿಗೂ ಬಂತು. ಅರ್ಧ ಸಿದ್ಧ ಮಾಡಿಯೇ ಕೊಟ್ಟಿದ್ದರು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರಲ್ಲ, ನಾವೂ ಎಣಿಸಲಿಲ್ಲ.

ಅದನ್ನು ನೋಡಿಕೊಳ್ಳುವವಳು ತಂತಿ. ಬೇರೆ ಕಡೆ ಕೆಲಸದಲ್ಲಿದ್ದಾಳೆ, ತನಗೆ ರಜೆ ಸಿಕ್ಕ ದಿನ ನಮ್ಮಲ್ಲಿಗೆ ಬಂದು ಕಪಾಟಿನೊಳಗೆ ತಲೆ ತೂರಿಸಿ ಕೂರುತ್ತಾಳೆ. ಹೊಸಬರು ಬಂದರೆ ಅವರ ಫೋನನ್ನು ಪೆಟ್ಟಿಗೆಗೆ ಪರಿಚಯ ಮಾಡಿಸುವವಳು ಇವಳೇ. ಮನೆಯ ನಿಯಮದಂತೆ ಅಲ್ಲಿಯೂ ಅಡ್ಡಹೆಸರೇ ಬರೆಯುತ್ತಾಳೆ. ನಿಜವಾದ ಹೆಸರು ಒಂದೂ ಅದರೊಳಗೆ ಇಲ್ಲವೆಂದು ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಈಚೆಗೆ ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಅರ್ಧ ಮರೆತುಬಿಡುತ್ತಿತ್ತು. ಇವತ್ತು ಅಡುಗೆಯವಳ ಫೋನು ಓಡಿದರೆ ನಾಳೆ ಓಡದು. ಇದಕ್ಕೊಂದು ಗತಿ ಕಾಣಿಸೋಣ ಎಂದು ತಂತಿ ಬೆಳಗ್ಗೆಯೇ ಬಂದಳು. ಮಕ್ಕಳೆಲ್ಲ ಶಾಲೆಗೆ ಹೋಗಿದ್ದರು. ಕಪಾಟಿನ ಕತ್ತಲೆಗೆ ಕತ್ತರಿ ಟಾರ್ಚ್ ಹಿಡಿದು ನಿಂತಳು. ನಾನು ಮೆಟ್ಟಿಲ ಮೇಲೆ ಕೂತು ಉಸ್ತುವಾರಿ ಮಾಡುತ್ತಿದ್ದೆ, ಅಂದರೆ ಬಟಾಣಿ ಸುಲಿಯುತ್ತಾ ಬೈಯುತ್ತಿದ್ದೆ.

“ದೊಡ್ಡಮ್ಮ, ಇದರ ಒಳಗಿನ ಮೆಮೊರಿ ಸವೆದುಹೋಗಿದೆ. ಫೈಲನ್ನ ಬೇರೆ ಕಡೆ ಇಡಬೇಕು. ಎಲ್ಲಿಡೋಣ ಹೇಳಿ. ಈ ಪಕ್ಕದ ಸಂದಿಗೆ ಒಂದು ಕಾರ್ಡ್ ಹಾಕಿ ಅದರಲ್ಲಿ ಇಡಬಹುದು, ಇಲ್ಲಾ ನಿಮ್ಮ ಆಫೀಸ್ ಕಂಪ್ಯೂಟರಲ್ಲಿ ಇಡಬಹುದು.”

“ನನ್ನ ಕೇಳ್ತೀಯಲ್ಲೇ, ನನಗೇನು ಗೊತ್ತು? ಉಪ್ಪಿನ ಡಬ್ಬ ಎಲ್ಲಿಡೋಣ ಅಂತ ಕೇಳು, ಹೇಳ್ತೀನಿ.”

“ಕಾರ್ಡನ್ನ ಯಾರಾದ್ರೂ ಕಿತ್ಕೊಂಡ್ರೆ ಮನೆ ಗುಟ್ಟೆಲ್ಲ ಅವರ ಜೇಬಲ್ಲಿ. ಅದಕ್ಕೇ ಕೇಳಿದ್ದು. ಹೂಂ ಅನ್ನೋ ಅಧಿಕಾರ ನಿಮ್ಮದು.”

ಅವಳು ಲ್ಯಾಪ್‌ಟಾಪಿನಲ್ಲಿ ಏನನ್ನೋ ತೆರೆದಳು, ಹುಬ್ಬು ಗಂಟಿಕ್ಕಿದಳು.

“ಇದೇನಿದು? ಯಾರೋ ಆಗಲೇ ಒಂದು ಜಾಗ ಹಾಕಿಟ್ಟಿದ್ದಾರಲ್ಲ. ನಾನು ಸೇವ್ ಮಾಡಿದಾಗಲೆಲ್ಲ ಒಂದು ಪ್ರತಿ ಅಲ್ಲಿಗೂ ಹೋಗ್ತಿದೆ. ಹಳೇ ಕಂಪನಿಯ ಸರ್ವರ್ ಇರಬೇಕು, ಕೊಡುವಾಗ ತೆಗೆಯೋದು ಮರೆತಿದ್ದಾರೆ. ಹೆಸರು ನೋಡಿ, ಕರಿಮೂತಿ ಅಂತೆ! ಸರ್ವರ್‌ಗೂ ಇಂಥ ಹೆಸರಿಡ್ತಾರಾ?”

ನಾನು ನಕ್ಕೆ. ಟಾರ್ಚಿನ ಬೆಳಕು ಪರದೆಯಿಂದ ಜಾರಿ ತಂತಿಯ ಬೆನ್ನ ಮೇಲೆ ಬಿತ್ತು.

“ಸರಿಯಾಗಿ ಹಿಡಿಯೇ,” ಎಂದೆ.

“ದೊಡ್ಡಮ್ಮ,” ಅಂದಳು ಕತ್ತರಿ. “ಕರಿಮೂತಿ ನಮ್ಮ ನಾಯಿ.”

ಅವಳ ಗಂಡ ಏನು ಕೆಲಸ ಮಾಡುತ್ತಾನೆಂದು ನನಗೆ ತಿಳಿದದ್ದು ಆಗ. ದೊಡ್ಡ ಕಂಪನಿಯೊಂದರಲ್ಲಿ ಇಂಥ ಪೆಟ್ಟಿಗೆಗಳನ್ನೆಲ್ಲ ನೋಡಿಕೊಳ್ಳುವ ಮುಖ್ಯಸ್ಥ ಆತ. ತಾನು ಸಾಕಿದ ನಾಯಿಗಳ ಹೆಸರನ್ನೇ ಸರ್ವರ್‌ಗಳಿಗೆ ಇಡುವುದು ಅವನ ಖಯಾಲಿಯಂತೆ, ಕರೆದರೆ ಬರಬೇಕು, ಕೂರು ಅಂದರೆ ಕೂರಬೇಕು ಎಂದು ಹೇಳಿ ನಗುತ್ತಿದ್ದನಂತೆ. ಕತ್ತರಿ ಕಂಪನಿಯ ಹೆಸರು ಹೇಳಿದಳು. ದಾನ ಕೊಟ್ಟವರು ಅವರೇ. ದಾನಿ ಯಾರೆಂದು ಹೆಂಗಸರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಅವರಿಗೆ ಮುಜುಗರವಾಗಬಾರದಲ್ಲ. ಗಂಡ ಎಲ್ಲಿ ಕೆಲಸ ಮಾಡುತ್ತಾನೆಂದು ಕೇಳುವ ಪದ್ಧತಿಯೂ ಇಲ್ಲ, ಅವರ ಗುಟ್ಟು ಅವರದು. ಎರಡೂ ಒಳ್ಳೆಯ ಪದ್ಧತಿಗಳೇ. ಎರಡೂ ಸೇರಿಕೊಂಡು ನಮ್ಮ ಕುತ್ತಿಗೆಗೆ ಬಂದವು.

“ಆ ಫೈಲಲ್ಲಿ ಏನಿದೆ?” ಎಂದು ಕೇಳಿದೆ.

ತಂತಿ ತೆರೆದು ತೋರಿಸಿದಳು. ನಮ್ಮ ಇಂಟರ್‌ನೆಟ್ ಲೈನಿನ ಗ್ರಾಹಕ ಸಂಖ್ಯೆ ಇತ್ತು. ಆ ಕಸುಬಿನವನು ಮನಸ್ಸು ಮಾಡಿದರೆ, ಪರಿಚಯದವರನ್ನು ವಿಚಾರಿಸಿ ಅದರಿಂದ ಬೀದಿ, ಮನೆ ಎಲ್ಲ ತೆಗೆಯಬಹುದು ಎಂದಳು. ಅದರ ಕೆಳಗೆ ಫೋನುಗಳ ಸಾಲು. ದೊಡ್ಡಮ್ಮ-ಫೋನ್. ಅಡುಗೆ-ಫೋನ್. ಕತ್ತರಿ-ಫೋನ್. ಮುಂಗುಸಿ-ಟ್ಯಾಬ್.

“ನಿಜವಾದ ಹೆಸರು ಒಂದೂ ಇಲ್ಲ,” ಎಂದಳು ತಂತಿ, ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗೆ.

“ನಿಜವಾದ ಹೆಸರೇ ಇದ್ದಿದ್ರೆ ಚೆನ್ನಾಗಿತ್ತು,” ಎಂದಳು ಕತ್ತರಿ. “ಆ ಹೆಸರಿನ ಮಕ್ಕಳು ಊರಿಗೆ ನೂರು ಜನ ಸಿಗ್ತಾರೆ. ಮುಂಗುಸಿ ಅಂತ ಇರೋದು ಒಬ್ಬಳೇ. ಹುಟ್ಟಿದಾಗ ಮೈಮೇಲೆಲ್ಲ ಕಂದು ಕೂದಲಿತ್ತು, ಅವರೇ ಇಟ್ಟ ಹೆಸರು.”

ಬಟಾಣಿಯ ಬಟ್ಟಲನ್ನು ಕೆಳಗಿಟ್ಟೆ. ಒಂದೇ ಒಂದು ಆಸೆ ಹಿಡಿದುಕೊಂಡೆ. ಅಷ್ಟು ದೊಡ್ಡ ಕಂಪನಿ, ಎಷ್ಟೋ ಪೆಟ್ಟಿಗೆ, ರಾಶಿ ಫೈಲು. ಯಾವನು ಕೂತು ಓದುತ್ತಾನೆ? ಹೇಳಿಯೂ ಬಿಟ್ಟೆ.

“ಪೂರ್ತಿ ಓದಬೇಕಾಗಿಲ್ಲ ದೊಡ್ಡಮ್ಮ,” ಎಂದಳು ಕತ್ತರಿ. “ಯಾವ ಪೆಟ್ಟಿಗೇಲಿ ಯಾವ ಸಾಲು ಹೊಸದಾಗಿ ಸೇರ್ತು, ಯಾವುದು ಹೋಯ್ತು ಅಂತ ಅಷ್ಟೇ ಆರಿಸಿ ದಿನಾ ಬೆಳಗ್ಗೆ ಒಂದು ಮೇಲ್ ಬರುತ್ತೆ ಅವರಿಗೆ. ಎದ್ದ ತಕ್ಷಣ ಅದನ್ನೇ ಓದೋದು. ನಾನು ಚಹಾ ಹಿಡ್ಕೊಂಡು ಪಕ್ಕದಲ್ಲಿ ನಿಂತಿರಬೇಕಿತ್ತು. ಜ್ವರ ಬಂದು ಮಲಗಿದ್ರೂ ಅದೊಂದನ್ನ ಓದದೆ ಬಿಟ್ಟ ದಿನ ಇಲ್ಲ.”

ತಂತಿ ತಲೆ ತಗ್ಗಿಸಿ ಹಳೆಯ ದಾಖಲೆ ಹುಡುಕುತ್ತಿದ್ದಳು. ಟ್ಯಾಬ್ ಯಾವಾಗ ಸೇರಿಸಿದ್ದು ಎಂದು ಕತ್ತರಿಯೇ ಕೇಳಿದಳು. ಶಾಲೆ ಶುರುವಾದ ವಾರ, ಸೋಮವಾರ ಎಂದಳು ತಂತಿ.

“ಅಮ್ಮನಿಗೆ ಫೋನ್ ಬರೋದು ನಿಂತಿದ್ದು ಮಂಗಳವಾರ,” ಎಂದಳು ಕತ್ತರಿ.

ನಾವು ಸಿಹಿ ಹಂಚಿ ತಿಂದ ಸಂಜೆ ನನ್ನ ಕಣ್ಣಿಗೆ ಕಟ್ಟಿತು. ಆತ ಹುಡುಕುವುದನ್ನು ಬಿಟ್ಟದ್ದು ಬೇಸತ್ತು ಅಲ್ಲ. ಸಿಕ್ಕಿತ್ತು, ಬಿಟ್ಟ. ಅವತ್ತಿನಿಂದ ಇವತ್ತಿನವರೆಗೆ ಈ ಹೆಂಗಸು ಬಚಾವಾದೆ ಅಂದುಕೊಂಡು ಉಂಡು, ನಕ್ಕು, ಮಲಗಿ ಎದ್ದದ್ದೆಲ್ಲ ಅವನ ಕಣ್ಣಳತೆಯಲ್ಲೇ.

ನನಗೆ ಸಿಟ್ಟು ಬಂದರೆ ಕೈ ಮೊದಲು ಹೋಗುತ್ತದೆ, ಬುದ್ಧಿ ಆಮೇಲೆ. ಎದ್ದವಳೇ ಕಪಾಟಿನೊಳಗೆ ಕೈ ಹಾಕಿ ಪೆಟ್ಟಿಗೆಯ ವೈರು ಹಿಡಿದೆ. “ಸುಡುಗಾಡು ಪೆಟ್ಟಿಗೆ, ತಗೊಂಡು ಹೋಗಿ ಮೋರಿಗೆ ಬಿಸಾಕ್ತೀನಿ.”

ತಂತಿ ನನ್ನ ಮುಂಗೈ ಹಿಡಿದಳು.

“ಕೀಳ್ಬೇಡಿ ದೊಡ್ಡಮ್ಮ. ಪೆಟ್ಟಿಗೆ ಸುಮ್ಮನಾದ್ರೆ, ಈ ಪೆಟ್ಟಿಗೆ ಮಾತಾಡ್ತಿಲ್ಲ ಅಂತ ಅದಕ್ಕೂ ಒಂದು ಮೇಲ್ ಹೋಗುತ್ತೆ. ಕರೆಂಟು ಹೋದ ಹಾಗೆ ಗಳಿಗೆ ಹೊತ್ತು ಆದ್ರೆ ಪರವಾಗಿಲ್ಲ. ಪೂರ್ತಿ ನಿಂತ್ರೆ ನಮಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗುತ್ತೆ.”

“ಮತ್ತೆ ಆ ಸಾಲು ಅಳಿಸಿಬಿಡು. ಮುಂಗುಸಿ ಗಿಂಗುಸಿ ಎಲ್ಲ ಅಳಿಸು.”

“ಅಳಿಸಿದ್ರೆ ನಾಳೆ ಬೆಳಗ್ಗೆ, ಮುಂಗುಸಿ ಹೋಯ್ತು ಅಂತ ಮೇಲ್. ಇಲ್ಲಿಂದ ಹೊರಟ್ರು ಅಂತ ಅರ್ಥ ಮಾಡ್ಕೋತಾನೆ. ಹೊರಡೋ ದಾರೀಲೇ ಹಿಡೀಬಹುದು.”

“ಪ್ರತಿ ಹೋಗೋ ಜಾಗ ಬದಲಾಯಿಸು.”

“ಆ ಸಾಲು ಬದಲಾದ್ರೂ ಅಷ್ಟೇ. ಪ್ರತಿ ಬರೋದು ನಿಂತಿತು ಅಂತ ಅಲ್ಲಿ ತಿಳಿಯುತ್ತೆ.”

ಅತ್ತ ದರಿ, ಇತ್ತ ಪುಲಿ. ನಾನು ವೈರು ಬಿಟ್ಟು ಮತ್ತೆ ಮೆಟ್ಟಿಲ ಮೇಲೆ ಕೂತೆ. ತಂತಿ ಅಳುತ್ತಿದ್ದಳು, ಪೆಟ್ಟಿಗೆ ಬಂದ ದಿನವೇ ನೋಡ್ಬೇಕಿತ್ತು, ಎಲ್ಲ ಓಡ್ತಿದೆಯಲ್ಲ ಅಂತ ಸುಮ್ಮನಾದೆ ಎಂದು ಹಲುಬುತ್ತಿದ್ದಳು. ಅವಳನ್ನು ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಕೊಟ್ಟವರಿಗೆ ಮರೆವು, ತಗೊಂಡವರಿಗೆ ಸಂಕೋಚ, ನಡುವೆ ಈ ಹುಡುಗಿಯೊಬ್ಬಳನ್ನು ಬೈದು ಏನು ಸುಖ?

ಆಮೇಲೆ ನಾನು ಆಫೀಸ್ ಕೋಣೆಗೆ ಹೋಗಿ, ಮಾಡಬೇಕಾದ ಫೋನೆಲ್ಲ ಮಾಡಿದೆ. ಪೊಲೀಸ್ ಠಾಣೆಯಲ್ಲಿ ನಮ್ಮ ಕೇಸುಗಳನ್ನು ನೋಡುವ ಹೆಂಗಸು ಸಮಾಧಾನದಿಂದಲೇ ಕೇಳಿಸಿಕೊಂಡಳು. ಆತ ಬಂದಿದ್ದಾನಾ? ಇಲ್ಲ. ಬೆದರಿಸಿದ್ದಾನಾ? ಇಲ್ಲ. ಕಾಗದ, ಮೆಸೇಜು ಏನಾದರೂ? ಇಲ್ಲ. “ನಿಮ್ಮ ಪೆಟ್ಟಿಗೆ ತಾನಾಗೇ ಕಳಿಸಿದೆ, ಆತ ತನ್ನ ಆಫೀಸ್ ಮೇಲ್ ಓದಿದ್ದಾನೆ. ಇದನ್ನ ಏನಂತ ಬರ್ಕೊಳ್ಲಿ ಹೇಳಿ? ಬಂದ್ರೆ ತಕ್ಷಣ ಫೋನ್ ಮಾಡಿ,” ಎಂದಳು. ಬಂದ ಮೇಲೆ ಫೋನ್ ಮಾಡಲು ಯಾರ ಕೈ ನೆಟ್ಟಗಿರುತ್ತದೋ ನೋಡಬೇಕು, ಎಂದು ಫೋನಿಟ್ಟೆ.

ನಮ್ಮಂಥ ಇನ್ನೊಂದು ಮನೆ ಇದೆ, ಬೇರೆ ಊರಲ್ಲಿ. ಅಲ್ಲಿಯವಳು ನನ್ನ ಹಳೆಯ ಗೆಳತಿ. ಜಾಗ ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ, ಆದರೆ ಆಗಲಿ ಎಂದಳು. ತಾಯಿ ಮಗು ಇಬ್ಬರೂ ನಾಳೆಯೇ ಬರಲಿ, ಹೇಗೋ ಒತ್ತರಿಸಿಕೊಂಡು ಮಲಗುತ್ತೇವೆ ಎಂದಳು. ನನಗೆ ಹೋದ ಜೀವ ಬಂದ ಹಾಗಾಯಿತು. ಉಪಾಯವೂ ಹೊಳೆಯಿತು. ಫೈಲನ್ನು ಮುಟ್ಟುವುದೇ ಬೇಡ. ಮುಂಗುಸಿಯ ಸಾಲು ಇದ್ದ ಹಾಗೇ ಇರಲಿ, ಪ್ರತಿ ಹೋಗುತ್ತಲೇ ಇರಲಿ. ಇವರು ಸದ್ದಿಲ್ಲದೆ ಹೊರಟುಹೋಗಲಿ. ಇಲ್ಲೇ ಇದ್ದಾರೆ ಎಂದು ಆತ ಬೆಳಗ್ಗೆ ಬೆಳಗ್ಗೆ ಓದಿಕೊಂಡು ಹಾಯಾಗಿರಲಿ.

ಓಡೋಡಿ ಬಂದು ಹೇಳಿದೆ. ತಂತಿಯ ಮುಖ ಅರಳಿತು. ಕತ್ತರಿ ಮಾತ್ರ ಟಾರ್ಚನ್ನು ಆರಿಸುವುದು, ಹೊತ್ತಿಸುವುದು ಮಾಡುತ್ತಾ ನಿಂತಿದ್ದಳು.

“ನಾನಿಲ್ಲದ ಮನೆಗೆ ಅವರು ಒಂದು ದಿನ ಬಂದ್ರೆ?” ಎಂದಳು.

“ಬರ್ಲಿ. ಇಲ್ಲ ಅಂತೀನಿ.”

“ನಿಮ್ಮ ಮಾತು ನಂಬ್ತಾರಾ? ಅಕ್ಕನೂ ಇಲ್ಲ ಅಂದಿದ್ಲು. ನಾನು ಹಿತ್ತಲಿಂದ ಬರೋದು ಅರ್ಧ ಗಳಿಗೆ ತಡ ಆಯ್ತು. ಅಷ್ಟರಲ್ಲಿ ಅವಳ ಎರಡು ಹಲ್ಲು ಹೋಗಿತ್ತು. ಇಲ್ಲಿ ಎಷ್ಟು ಮಕ್ಕಳಿದ್ದಾವೆ ದೊಡ್ಡಮ್ಮ.”

ಅವಳು ಹೋಗಲಿ, ಹೋಗಿ ಬದುಕಿಕೊಳ್ಳಲಿ ಎಂದು ನನಗೆ ಅನ್ನಿಸಿದ್ದು ನಿಜ. ಅವಳು ಹೋದರೆ ಈ ಗೇಟಿನ ಒಳಗೆ ಉಳಿಯುವವರ ಗತಿಯೇನು ಎಂದು ಎದೆ ಹೊಡೆದುಕೊಂಡದ್ದೂ ಅಷ್ಟೇ ನಿಜ. ಹೋಗು ಅನ್ನಲೂ ಆಗದೆ, ಇರು ಅನ್ನಲೂ ಆಗದೆ, ಊರಿಗೆಲ್ಲ ಬುದ್ಧಿ ಹೇಳುವ ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಕೂತೆ.

“ಗೊತ್ತಾಗಿ ಇಷ್ಟು ದಿನವಾದ್ರೂ ಅವರು ಬಂದಿಲ್ಲ,” ಎಂದಳು ಕತ್ತರಿ, ಲೆಕ್ಕ ಬಿಡಿಸುವವಳ ಹಾಗೆ ನಿಧಾನವಾಗಿ. “ಯಾಕೆ ಬಂದಿಲ್ಲ ಅಂತ ನನಗೆ ಗೊತ್ತು. ಅವರಿಗೆ ನಾನು ಬೇಕಾಗಿಲ್ಲ, ನಾನೆಲ್ಲಿದ್ದೀನಿ ಅಂತ ಗೊತ್ತಿರಬೇಕು, ಅಷ್ಟೇ. ಮನೇಲಿದ್ದಾಗಲೂ ಹಾಗೇ. ಅಡುಗೆಮನೇಲಿದ್ರೆ ಕರೀತಿರ್ಲಿಲ್ಲ. ಕರೆದಾಗ ಅಲ್ಲಿ ಇಲ್ಲದೇ ಇದ್ರೇನೇ ಹೊಡೀತಿದ್ದಿದ್ದು. ಓದ್ಲಿ ಬಿಡಿ. ಓದ್ತಾ ಇರೋವರೆಗೂ ಬರಲ್ಲ.”

“ಹಾಗಂತ ಇಲ್ಲೇ ಕೊಳೀತೀಯೇನೇ?”

“ಮಗು ಈಗ ಮಂಚದ ಮೇಲೆ ಮಲಗ್ತಾ ಇದೆ ದೊಡ್ಡಮ್ಮ.”

ಇನ್ನೊಂದು ಪೆಟ್ಟಿಗೆ ತರಿಸಿ ಮನೆಯ ಫೋನುಗಳನ್ನೆಲ್ಲ ಅದಕ್ಕೆ ಬದಲಾಯಿಸಬಹುದು, ಹಳೆಯದು ಸುಳ್ಳು ಹೇಳುತ್ತಾ ಕೂತಿರಲಿ ಎಂದಳು ತಂತಿ. ಅದಕ್ಕೆ ಸಮಿತಿಯನ್ನು ಕೇಳಬೇಕು. ಕೊಟ್ಟದ್ದು ಓಡುತ್ತಿರುವಾಗ ಇನ್ನೊಂದು ಯಾಕೆ ಎಂದು ಅವರು ಕೇಳುತ್ತಾರೆ. ಕೇಳುವವರಲ್ಲಿ ಮೊದಲಿಗರು ಅಧ್ಯಕ್ಷರು, ಅವರು ಅದೇ ಕಂಪನಿಯ ದೊಡ್ಡ ಸಾಹೇಬರು. ಒಳ್ಳೆಯ ಮನುಷ್ಯ. ನಾನು ಹೇಳಿದರೆ ಗಾಬರಿಯಾಗಿ ತಮ್ಮ ನೆಟ್‌ವರ್ಕ್ ಮುಖ್ಯಸ್ಥನನ್ನೇ ಕರೆಸಿ, ಇದೇನಪ್ಪಾ ಎಂದು ವಿಚಾರಿಸುವಷ್ಟು ಒಳ್ಳೆಯ ಮನುಷ್ಯ.

ಮಧ್ಯಾಹ್ನವಾಯಿತು. ಯಾರಿಗೂ ಊಟ ಸೇರಲಿಲ್ಲ. ತಂತಿ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತು ಕಣ್ಣೊರೆಸಿಕೊಂಡಳು.

“ಹಾಳಾದ ಮೆಮೊರಿ ಹಾಗೇ ಬಿಟ್ರೆ ಮುಂದಿನ ಸಲ ಕರೆಂಟು ಹೋದಾಗ ಇದು ಎಲ್ಲ ಮರೆತುಬಿಡುತ್ತೆ. ಆಗಲೂ ಪೆಟ್ಟಿಗೆ ಮಾತಾಡ್ತಿಲ್ಲ ಅಂತ ಅವನಿಗೆ ಮೇಲ್ ಹೋಗುತ್ತೆ. ಫೈಲನ್ನ ಇವತ್ತು ಕಾರ್ಡಿಗೆ ಹಾಕಲೇಬೇಕು. ಹಾಕ್ತೀನಿ. ಆದ್ರೆ ಇನ್ನೊಂದು ಪ್ರತಿ... ದೊಡ್ಡಮ್ಮ, ನೀವೇ ಹೇಳಿ. ಎಲ್ಲಿಗೆ ಹೋಗ್ಲಿ?”

ನಾನು ಕತ್ತರಿಯ ಮುಖ ನೋಡಿದೆ. ಅವಳು ತಲೆಯಾಡಿಸಿದಳು.

“ಅಲ್ಲಿಗೇ,” ಎಂದೆ.

ತಂತಿ ಒತ್ತಿದಳು. ಗಳಿಗೆ ಹೊತ್ತು ಪರದೆ ಸುಮ್ಮನಿತ್ತು. ಆಮೇಲೆ ‘ಪ್ರತಿ ತಲುಪಿದೆ’ ಎಂಬರ್ಥದ ಒಂದು ಸಾಲು ಬಂತು. ಗಂಡಸರನ್ನು ಗೇಟಿನಿಂದಾಚೆ ಅಟ್ಟುವುದರಲ್ಲೇ ಕೂದಲು ಹಣ್ಣಾದ ನಾನು, ಒಬ್ಬನಿಗೆ ನನ್ನ ಬಾಯಿಂದಲೇ ದಾರಿ ಬಿಟ್ಟೆ. ಇಷ್ಟು ಕೈಲಾಗದವಳಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

“ಇವತ್ತು ಸಾಲು ಯಾವುದೂ ಬದಲಾಗಿಲ್ಲ ತಾನೇ?” ಎಂದು ಕತ್ತರಿ ಕೇಳಿದಳು.

“ಇಲ್ಲ.”

“ಇನ್ನು ಮುಂದೆಯೂ ಬೇಡ. ಅವರಿಗೆ ಹೊಸದೇನೂ ಗೊತ್ತಾಗೋದು ಬೇಡ. ಇದ್ದದ್ದು ಇದ್ದ ಹಾಗೇ ಇರ್ಲಿ.”

ಶಾಲೆ ಬಿಟ್ಟ ಮಕ್ಕಳು ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಮುಂಗುಸಿ. ಬ್ಯಾಗು ಒಂದು ಕಡೆ, ಬೂಟು ಒಂದು ಕಡೆ ಎಸೆದು ನೇರವಾಗಿ ತಂತಿಯ ಹತ್ತಿರ ಬಂದು ಮಡಿಲ ಮೇಲೆ ಒಂದು ಹಳೆಯ ಫೋನ್ ಇಟ್ಟಳು. ಒಂದು ಮೂಲೆಯಲ್ಲಿ ಗಾಜು ಒಡೆದಿತ್ತು. ಗೆಳತಿಯ ಅಕ್ಕ ಹೊಸದು ತಗೊಂಡಳಂತೆ, ಹಳೆಯದನ್ನು ಇವಳಿಗೆ ಕೊಟ್ಟಳಂತೆ. ಈ ಮಗುವಿಗೆ ಗೆಳತಿಯೊಬ್ಬಳಿದ್ದಾಳೆಂದು ನಮಗೆ ತಿಳಿದದ್ದೇ ಆಗ.

“ಇದಕ್ಕೂ ನೆಟ್ ಹಾಕ್ಕೊಡಿ ಅಕ್ಕ. ಅವಳ ಜೊತೆ ಮಾತಾಡ್ಬೇಕು. ಮತ್ತೆ ಮುಂಗುಸಿ ಅಂತ ಬರೀಬೇಡಿ. ಈ ಸಲ ಹೆಸರು ನಾನೇ ಯೋಚನೆ ಮಾಡಿದ್ದೀನಿ.”

ತಂತಿ ಫೋನನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

“ಏನು ಹೆಸರು ಅಂತ ಯಾರೂ ಕೇಳಲ್ವಾ?” ಎಂದಿತು ಮಗು.

ಕತ್ತರಿ ಬಂದು ಮಗಳ ಕೂದಲನ್ನು ಹಣೆಯಿಂದ ಸರಿಸಿದಳು, ತಂತಿಯ ಕೈಯಿಂದ ಫೋನ್ ತೆಗೆದುಕೊಂಡಳು. “ನಾಳೆ ಇದನ್ನ ವಾಪಸ್ ಕೊಟ್ಟುಬಿಡು ಕಂದ,” ಎಂದಳು. “ಈ ಮನೇಲಿ ಹೊಸದೇನೂ ಸೇರಿಸೋ ಹಾಗಿಲ್ಲ.”

ಮಗು ಅಳಲಿಲ್ಲ. ಅಮ್ಮನ ಮುಖ ನೋಡಿತು, ನನ್ನ ಮುಖ ನೋಡಿತು, ದೊಡ್ಡವರು ಸುಳ್ಳು ಹೇಳುವಾಗ ಎಲ್ಲಿ ನೋಡುತ್ತಾರೋ ಅಲ್ಲೆಲ್ಲ ನೋಡಿತು. ಆಮೇಲೆ ಸಣ್ಣ ದನಿಯಲ್ಲಿ, “ಅಪ್ಪ ಬಂದಿದ್ದಾರಾ?” ಎಂದು ಕೇಳಿತು.